ಬೀಗ ಹಾಕಿದ ಕಾಟೇಜು

ಬೆಟ್ಟದ ಮೇಲಿನ ಹಳೇ ಬಂಗಲೆ ಹೋಟೆಲಿನ ಮಾಲೀಕ ರುದ್ರೇಗೌಡರು ಆಳುಗಳ ವಠಾರ ಕೆಡವಿ ಹೊಸ ಕಾಟೇಜುಗಳನ್ನು ಕಟ್ಟಿಸಿದರು. ಬಂದವರೆಲ್ಲ ಬಂಗಲೆಯೇ ಬೇಕೆಂದರು. ಕಾಟೇಜಿನ ಕಡೆ ನರಪಿಳ್ಳೆಯೂ ಸುಳಿಯಲಿಲ್ಲ.

“ಚೌರಪ್ಪ, ಕಾಟೇಜು ತುಂಬಿಸು. ಇಲ್ಲಾಂದ್ರೆ ಗಂಟುಮೂಟೆ ಕಟ್ಟು,” ಎಂದು ಗೌಡರು ಬಟ್ಲರನನ್ನು ಗದರಿದರು.

ಚೌರಪ್ಪ ನಡುವಿನ ಕಾಟೇಜಿಗೆ ದಪ್ಪ ಬೀಗ ಜಡಿದ. ಸಂಜೆಯಾದರೆ ಅದರ ಕಿಟಕಿಯಲ್ಲಿ ಲಾಟೀನು ಉರಿಯುತ್ತಿತ್ತು. ಒಳಗೇನಿದೆ ಎಂದು ಯಾರೇ ಕೇಳಲಿ, “ಅದನ್ನ ಹೇಳೋ ಹಾಗಿಲ್ಲ ಸ್ವಾಮಿ,” ಎಂದು ದನಿ ತಗ್ಗಿಸುತ್ತಿದ್ದ. ಅಕ್ಕಪಕ್ಕದ ಕಾಟೇಜುಗಳಿಗೆ ಜನ ಮುಗಿಬಿದ್ದರು.

ಕೊನೆಗೆ ಗೌಡರಿಗೇ ತಡೆಯಲಾಗಲಿಲ್ಲ. ಬೀಗ ತೆಗೆಸಿ ಇಣುಕಿದರು. ಒಳಗೆ ಚೌರಪ್ಪನ ಚಾಪೆ, ಟ್ರಂಕು, ಒಣಹಾಕಿದ ಬನಿಯನ್.

“ವಠಾರ ಹೋಯ್ತಲ್ಲ ಬುದ್ಧಿ, ಮಲಗೋಕೆ ಜಾಗ ಬೇಕಿತ್ತು,” ಎಂದ ಚೌರಪ್ಪ.

ಗೌಡರು ರೇಗಬೇಕೆಂದು ತಿರುಗಿದರೆ, ಹಿಂದೆ ಅತಿಥಿಗಳು ಕತ್ತು ಚಾಚಿ ನಿಂತಿದ್ದರು. “ಒಳಗೇನಿದೆ ಸಾರ್?”

ಗೌಡರು ತಾವೇ ಬೀಗ ಹಾಕಿ, ದನಿ ತಗ್ಗಿಸಿದರು. “ಅದನ್ನ ಹೇಳೋ ಹಾಗಿಲ್ಲ.”