ಕೂಡದ ಹಲ್ಲು, ಹರಿಯದ ದಾರ

ಹೂಂಗುಟ್ಟುವವರು ಎಚ್ಚರವಾಗಿದ್ದೀರಷ್ಟೆ? ಹಾಗಾದರೆ ಕೇಳಿ. ಒಂದೂರು, ಊರಿಗೊಂದು ಓಣಿ, ಓಣಿಯ ತುದಿಗೆ ಹುಲಿಗೆವ್ವನ ಮನೆ. ಹುಲಿಗೆವ್ವನಿಗೊಬ್ಬ ಮಗ, ಫಕ್ಕೀರ. ಮೂವತ್ತು ದಾಟಿತ್ತು, ಮೀಸೆ ಹುರಿಗಟ್ಟಿತ್ತು, ಬುದ್ಧಿ ಮಾತ್ರ ಬಲಿತಿರಲಿಲ್ಲ. ಹೇಳಿದ ಮಾತನ್ನು ಹೇಳಿದ ಹಾಗೇ ಮಾಡುತ್ತಾನೆ, ಅದೇ ಅವನ ರೋಗ. ಇವತ್ತು ಹೇಳಿದ್ದನ್ನು ನಾಳೆ ಮಾಡುತ್ತಾನೆ, ಅದು ಇನ್ನೂ ದೊಡ್ಡ ರೋಗ. "ನಿನ್ನ ಹಡೆದ ನನ್ನ ಹೊಟ್ಟಿಗೆ ಬೆಂಕಿ ಹಾಕ!" ಎಂದು ಹುಲಿಗೆವ್ವ ಹಣೆ ಬಡಿದುಕೊಂಡರೆ, ಫಕ್ಕೀರ ಒಲೆಯಿಂದ ಕೆಂಡ ತರಲು ಏಳುತ್ತಿದ್ದ.

ಅವಳಿಗೊಬ್ಬ ಮಗಳೂ ಇದ್ದಳು, ಕಸ್ತೂರಿ. ಜ್ವರ ಬಂದು ಮೂರೇ ದಿನಕ್ಕೆ ಹೋದಳು. ತನ್ನ ಏಳು ವರ್ಷದ ಮಗಳು ಸುಂಕಿಯನ್ನು ತಾಯಿಯ ಮಡಿಲಿಗೆ ಹಾಕಿ ಹೋದಳು.

ಆ ಓಣಿಯಲ್ಲೊಂದು ರೂಢಿ. ಸತ್ತವರು ಉಟ್ಟ ಬಟ್ಟೆಗಳನ್ನೆಲ್ಲ ಸೇರಿಸಿ ಒಂದು ಕೌದಿ ಹೊಲಿಯಬೇಕು. ಕೊನೆಯ ದಾರಕ್ಕೆ ಕತ್ತರಿ ತಾಗಿಸುವಂತಿಲ್ಲ. ಸತ್ತವರ ಮಕ್ಕಳೇ ಮುಂದಿನ ಹಲ್ಲಿನಿಂದ ಅದನ್ನು ಕಡಿಯಬೇಕು. ಕಡಿದ ಮೇಲೆ ಕೌದಿಯನ್ನು ಹೊಸ್ತಿಲಾಚೆ ಒಗೆದು, ಬಾಗಿಲು ಹಾಕಿ, ಮೂರು ದಿನ ಅತ್ತ ತಿರುಗಿಯೂ ನೋಡಬಾರದು. ಆಗ ಸತ್ತವರು ಹೊರಟುಹೋಗುತ್ತಾರೆ. ದಾರ ಕಡಿಯದಿದ್ದರೆ? ಮನೆಯಲ್ಲೇ ಉಳಿಯುತ್ತಾರೆ. ಉಳಿದವರು ಸುಮ್ಮನಿರುವುದಿಲ್ಲ, ತಮಗೆ ಬೇಕಾದವರನ್ನು ಕರೆಯತೊಡಗುತ್ತಾರೆ.

ಕಸ್ತೂರಿಯ ಕೌದಿ ಹೊಲಿದಾಯಿತು. ಸುಂಕಿ ದಾರ ಕಚ್ಚಿದಳು. ದಾರ ಹರಿಯಲಿಲ್ಲ. ಇನ್ನೊಮ್ಮೆ ಕಚ್ಚಿದಳು. ದಾರ ಜಾರಿತು. "ಥಿಗವಲ್ದು ಆಯಿ, ಹಲ್ಲಿಗೆ ಥಿಗವಲ್ದು!" ಎಂದು ಅಜ್ಜಿಯ ಮುಂದೆ ತೊದಲುತ್ತ ಅತ್ತಳು. ಹುಲಿಗೆವ್ವ ಅವಳ ಬಾಯಿ ಬಿಡಿಸಿ ನೋಡಿದಳು. ಹಿಂದಿನ ದವಡೆ ಹಲ್ಲು ಕೂಡುತ್ತಿದ್ದವು, ಮುಂದಿನವು ಕೂಡುತ್ತಿರಲಿಲ್ಲ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಹೆಬ್ಬೆರಳು ತೂರುವಷ್ಟು ಸಂದಿ. ಹೊತ್ತು ಸಿಕ್ಕಾಗಲೆಲ್ಲ ಅವಳ ಹೆಬ್ಬೆರಳು ಆ ಸಂದಿಯಲ್ಲೇ ಇರುತ್ತಿತ್ತು.

ಕೌದಿಯನ್ನು ಬಿದಿರಿನ ಗಳದ ಮೇಲೆ ಹಾಕಿದರು. ಕೆಂಪು ದಾರ ಒಂದು ಗೇಣು ಜೋತುಬಿತ್ತು. ಮಧ್ಯಾಹ್ನ ಎಲೆಯೂ ಅಲ್ಲಾಡದ ಹೊತ್ತಿನಲ್ಲಿ ಸುಂಕಿ ಮೂಲೆಯಲ್ಲಿ ಕೂತು ಚಪ್ ಚಪ್ ಎಂದು ಬೆರಳು ಚೀಪುತ್ತಿದ್ದಳು. ಅವಳ ಉಸಿರಿಗೆ ಸರಿಯಾಗಿ ಗಳದ ಮೇಲೆ ಕೌದಿ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಅದನ್ನು ಕಂಡ ದಿನವೇ ಹುಲಿಗೆವ್ವನಿಗೆ ತಿಳಿಯಿತು. ಇವಳ ಹಲ್ಲು ಕೂಡದಿದ್ದರೆ ದಾರ ಹರಿಯುವುದಿಲ್ಲ, ದಾರ ಹರಿಯದಿದ್ದರೆ ಕೂಸು ಉಳಿಯುವುದಿಲ್ಲ.

ಮರುದಿನ ಕಳೆ ತೆಗೆಯಲು ಹೊಲಕ್ಕೆ ಹೊರಟವಳು ಮಗನಿಗೆ ಹೇಳಿದಳು. "ಸುಂಕಿ ಬಾಯಾಗ ಬೆರಳು ಇಟ್ಟಳಂದರ ನನಗ ಹೇಳಬೇಕ ನೋಡು!"

"ಆತು ಅವ್ವಾ!"

ಹೊಲ ಎರಡು ಮೈಲಿ. ಸುಂಕಿ ಬೆರಳಿಟ್ಟಳು, ಫಕ್ಕೀರ ಹೊಲಕ್ಕೆ ಓಡಿದ. "ಅವ್ವಾ, ಇಟ್ಟಳು!" ಮನೆಗೆ ಓಡಿದ. ಮತ್ತೆ ಇಟ್ಟಳು, ಮತ್ತೆ ಓಡಿದ. "ಅವ್ವಾ, ಮತ್ತ ಇಟ್ಟಳು!" ಸಂಜೆಯೊಳಗೆ ಏಳು ಸಲ ಓಡಿದ. ಆ ಏಳೂ ಸಲ ಕೂಸು ಕೌದಿಯ ಜೊತೆ ಒಂಟಿಯಾಗಿತ್ತು. ಏಳನೆಯ ಸಲ ಬಂದು ನೋಡಿದರೆ ಜೋತುಬಿದ್ದ ದಾರ ಸುಂಕಿಯ ಕಿವಿಯನ್ನು ಸವರುತ್ತಿತ್ತು.

"ಎಲಾ ಖೋಡಿ!" ಹುಲಿಗೆವ್ವ ತಲೆಗೊಂದು ಬಿಟ್ಟಳು. "ಓಡೋದಲ್ಲೋ! ಬಾಯಿಗೆ ಹೋಗೋದನ್ನ ಹಿಡಿದು ಹೊರಗ ಎಳೀಬೇಕು!"

"ಹಂಗs ಮಾಡತೀನಿ ಅವ್ವಾ!"

ಮರುದಿನ ಸುಂಕಿ ರೊಟ್ಟಿ ಮುರಿದು ಬಾಯಿಗಿಟ್ಟಳು. ಫಕ್ಕೀರ ಹಿಡಿದು ಎಳೆದ. ಪಲ್ಯ ಇಟ್ಟಳು, ಎಳೆದ. ನೀರು ಕುಡಿಯಹೋದಳು, ತಂಬಿಗೆ ಎಳೆದ. "ಹಥಿವು ಮಾಮಾ, ಹಥಿವು!" ಎಂದು ಕೂಸು ಬಾಯಿಬಾಯಿ ಬಿಟ್ಟಿತು.

"ಮಂಗ್ಯಾ! ದಡ್ಡಾ!" ಹುಲಿಗೆವ್ವ ಸಂಜೆ ಕೂಗಾಡಿದಳು. "ಬಾಯಾಗ ಇಟ್ಟಕೊಂಡಾಗ ಎಳೀಬಾರದು! ‘ಚಲೋತ್ನಂಗ ಕಚ್ಚವ್ವಾ, ಕಚ್ಚು’ ಅನ್ನಬೇಕು!"

"ಅನ್ನತೀನಿ ಅವ್ವಾ!"

ಮರುದಿನ ಮಧ್ಯಾಹ್ನ ಸುಂಕಿ ಬೆರಳು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋದಳು. ಫಕ್ಕೀರ ಅವಳ ಕಿವಿಗೆ ಬಾಯಿಟ್ಟು, "ಚಲೋತ್ನಂಗ ಕಚ್ಚವ್ವಾ, ಕಚ್ಚು!" ಎಂದು ಕಿರುಚಿದ. ಕೂಸು ಬೆದರಿ ಕಚ್ಚಿತು. ಮುಂದಿನ ಹಲ್ಲಿಗೆ ಸಿಗದ ಬೆರಳು ದವಡೆ ಹಲ್ಲಿಗೆ ಸಿಕ್ಕಿತು, ರಕ್ತ ಬಂತು. ಸುಂಕಿ ಅಳುವುದಕ್ಕೆ ಮೊದಲೇ ಗಳದ ಮೇಲಿಂದ ಯಾರೋ ಅತ್ತರು.

ಹೊಲದಿಂದ ಬಂದ ಹುಲಿಗೆವ್ವ ಬೆರಳು ನೋಡಿದಳು, ಗಳ ನೋಡಿದಳು. ಕೌದಿಯ ಅಂಚು ಒದ್ದೆಯಾಗಿತ್ತು. ಕೈಕಾಲು ತಣ್ಣಗಾದವು, ಬಾಯಿ ಮಾತ್ರ ಬಿಸಿಯಾಗೇ ಇತ್ತು. "ನಿನ್ನ ಬಾಯಾಗ ಮಣ್ಣ ಹಾಕ! ಬೆರಳಿಗೆ ಅರಿವಿ ಸುತ್ತಿ, ಮೆಲ್ಲಕ ತಟ್ಟಿ, ‘ಮಲಗವ್ವಾ’ ಅನ್ನಬೇಕಿತ್ತು!"

ಇನ್ನು ಇವನನ್ನು ನಂಬಿದರೆ ಆಗದು ಎಂದುಕೊಂಡು ಮರುದಿನ ಕೂಸನ್ನೂ ಅವನನ್ನೂ ಬಸ್ಸಿಗೆ ಹತ್ತಿಸಿ ತಾಲೂಕಿನ ದವಾಖಾನೆಗೆ ಹೋದಳು. ಅಲ್ಲೊಬ್ಬ ಹಲ್ಲಿನ ಡಾಕ್ಟರಮ್ಮ. ಸುಂಕಿಯನ್ನು ಕುರ್ಚಿಯಲ್ಲಿ ಒರಗಿಸಿ, ಬಾಯಿ ಬಿಡಿಸಿ, ಬೆರಳು ಹಾಕಿದಳು. ಫಕ್ಕೀರನಿಗೆ ಕಂಡದ್ದೇನು? ಬಾಯಲ್ಲಿ ಬೆರಳು! ಟವೆಲ್ ಹರಿದ, ಡಾಕ್ಟರಮ್ಮನ ಹೆಬ್ಬೆರಳಿಗೆ ಸುತ್ತಿದ, ಅವಳ ಬೆನ್ನು ತಟ್ಟಿ, "ಮಲಗವ್ವಾ, ಮಲಗು" ಎಂದ.

ಪುಣ್ಯಕ್ಕೆ ಆಕೆ ನಕ್ಕಳು. ಆಮೇಲೆ ಹುಲಿಗೆವ್ವನನ್ನು ಕೂರಿಸಿಕೊಂಡು ಹೇಳಿದಳು. "ಬೆರಳು ಚೀಪೋದರಿಂದ ಹಲ್ಲು ಇಳೀದs ನಿಂತಾವ ಅಮ್ಮಾ. ಆ ಸಂದಿಯೊಳಗ ನಾಲಿಗಿ ಬಂದು ನೂಕತದ. ಅದಕ್ಕs ‘ಸ’ ಅನ್ನಾಕ ಹೋದರ ‘ಥ’ ಆಗತದ. ಸಣ್ಣ ವಯಸ್ಸು, ಎಲುಬು ಇನ್ನೂ ಬೆಳೀತದ. ಚಟ ಬಿಟ್ಟರ ಹಲ್ಲು ಕೂಡತಾವ. ಮ್ಯಾಲಿನ ಹಲ್ಲಿನ ಹಿಂದ ಒಂದು ತಂತಿ ಬೇಲಿ ಹಾಕತೀನಿ, ಆರು ತಿಂಗಳು ಇರಲಿ. ನುಂಗುವಾಗ ನಾಲಿಗಿ ತುದಿ ಮ್ಯಾಲೆ ತಾಗಿಸಾಕ ಕಲಿಸ್ರಿ. ಒಂದು ಮಾತು, ಕೂಸಿಗೆ ಬಯ್ಯಬ್ಯಾಡ್ರಿ. ತಾಯಿ ಇಲ್ಲದ್ದು, ಬೆರಳು ಹಿಡಕೊಂಡೈತಿ. ಬೆರಳು ಚೀಪದ ದಿನ ಶಾಭಾಸ್ ಅನ್ರಿ."

ಕೂಸಿಗೆ ಬಯ್ಯುವಂತಿಲ್ಲವಲ್ಲ, ಬೈಗುಳವೆಲ್ಲ ಫಕ್ಕೀರನಿಗೇ ಬಿತ್ತು. "ಮಾನ ಕಳದಿ ನನ್ನ! ದೊಡ್ಡವರ ಕೆಲಸದಾಗ ಕೈ ಹಾಕಬಾರದೋ! ಅವರು ಏನ ಹೇಳಿದರೂ ‘ಆಗಲಿ’ ಅಂದು ಮಾಡಿಬಿಡಬೇಕು!"

"ಆಗಲಿ ಅವ್ವಾ!"

ಮರುದಿನ ಮಧ್ಯಾಹ್ನ ಹುಲಿಗೆವ್ವ ನೀರಿಗೆ ಹೋಗಿದ್ದಳು. ಗಳದ ಮೇಲಿಂದ ದನಿ ಬಂತು. "ತಮ್ಮಾ."

"ಏನ ಅಕ್ಕಾ?"

"ಸುಂಕಿನ್ನ ಇತ್ತ ಕೊಡು."

ಅಕ್ಕ ದೊಡ್ಡವಳಲ್ಲವೇ? "ಆಗಲಿ ಅಕ್ಕಾ!" ಎಂದ ಫಕ್ಕೀರ. ಕೌದಿ ಇಳಿಸಿ ಹಾಸಿದ, ಮಲಗಿದ್ದ ಕೂಸನ್ನು ಎತ್ತಿ ಅದರೊಳಗಿಟ್ಟ, ಮಡಿಸಿದ.

ಹುಲಿಗೆವ್ವ ಕೊಡ ಇಳಿಸುತ್ತ ನೋಡಿದಳು. ಕೌದಿ ನೆಲದ ಮೇಲೆ ಸುರುಳಿ ಸುತ್ತಿಕೊಂಡಿತ್ತು, ಬಿಗಿಯಾಗುತ್ತಿತ್ತು. ಕೊಡ ಒಗೆದು ಎರಡೂ ಕೈಯಿಂದ ಎಳೆದಳು. ಬಟ್ಟೆ ಬಿಡಲೊಲ್ಲದು. "ಬಿಡs ಕಸ್ತೂರಿ! ಬಿಡs ನನ್ನವ್ವಾ!" ಎಂದು ಅತ್ತಾಗ ಬಿಟ್ಟಿತು. ಸುಂಕಿ ಕಲ್ಲಿನಂತೆ ತಣ್ಣಗಿದ್ದಳು. ಎದೆಗವಚಿಕೊಂಡು ಒಲೆಯ ಮುಂದೆ ಕೂತ ಎಷ್ಟೋ ಹೊತ್ತಿಗೆ ಕಣ್ಣು ಬಿಟ್ಟಳು.

"ಸತ್ತವರಿಗೆ ಕೂಸಿನ್ನ ಕೊಡತಾರೇನೋ ಪಾಪಿ! ಅಕಿ ಕೇಳಿದರ ‘ಆರು ತಿಂಗಳು ತಡಿ’ ಅನ್ನಬೇಕು!"

ಅಂದಿನಿಂದ ಫಕ್ಕೀರನ ಬಾಯಲ್ಲಿ ಅದೊಂದೇ ಮಾತು. ಕುಡಿಯಲು ನೀರು ಕೇಳಿದ ತಾಯಿಗೆ, "ಆರು ತಿಂಗಳು ತಡಿ!" ಹುಲ್ಲಿಗೆ ಒದರಿದ ಎಮ್ಮೆಗೆ, "ಆರು ತಿಂಗಳು ತಡಿ!" ಮನೆಗೆ ಉರಿ ಬಿದ್ದಿದೆ ಬಾ ಎಂದು ಕೂಗಿದ ಪಕ್ಕದ ಮನೆಯವರಿಗೂ ಅದೇ. ಗಳದ ಮೇಲಿಂದ "ತಮ್ಮಾ" ಎಂದಾಗಲೂ ಅದನ್ನೇ ಅಂದ. ಅದೊಂದು ಸಲ ಬುದ್ಧಿಮಾತು ಹೇಳಿದ ಜಾಗಕ್ಕೇ ಹೋಗಿ ಮುಟ್ಟಿತು. ಕೌದಿ ಸುಮ್ಮನಾಯಿತು. ಆದರೆ ದಿನಕ್ಕೊಮ್ಮೆ ಅದರೊಳಗಿಂದ ಉಗುರಿನಿಂದ ಹೊಲಿಗೆ ಕೆರೆದ ಸದ್ದು ಬರುತ್ತಿತ್ತು. ಯಾರೋ ದಿನ ಎಣಿಸುತ್ತಿದ್ದರು.

ಹುಲಿಗೆವ್ವನೂ ಎಣಿಸಿದಳು. ಹೊಲ ಬಿಟ್ಟಳು, ಕೂಸಿನ ಎದುರು ಕೂತಳು. ಗುಟುಕು ನೀರು ಕೊಟ್ಟು, "ನಾಲಿಗಿ ಮ್ಯಾಲೆ, ಈಗ ನುಂಗು" ಎಂದು ಕಲಿಸಿದಳು. ಬೆರಳು ಬಾಯಿಯತ್ತ ಹೋದರೆ ಆ ಕೈಗೆ ಸೂಜಿದಾರ ಕೊಟ್ಟಳು. ಬೆರಳು ಒಣಗಿದ್ದ ದಿನ ಗೋಡೆಗೊಂದು ಕುಂಕುಮದ ಬೊಟ್ಟಿಟ್ಟು, "ಶಾಭಾಸ್ ನನ್ನ ಹುಲೀ!" ಎಂದಳು. ಬೊಟ್ಟುಗಳಿಂದ ಗೋಡೆ ಕೆಂಪಾಯಿತು. ಸಂದಿ ಕಡಲೆಯಷ್ಟಾಯಿತು, ಸಾಸಿವೆಯಷ್ಟಾಯಿತು, ಮುಚ್ಚಿತು.

ತಂತಿ ತೆಗೆಸಿಕೊಂಡು ಬರುವ ದಿನ ಬುತ್ತಿಗಂಟು ಫಕ್ಕೀರನ ಹೆಗಲಿನಿಂದ ದಾರಿಯಲ್ಲಿ ಬಿತ್ತು. ಬಿದ್ದದ್ದನ್ನು ನೋಡಿದ, ನೋಡಿ ಮುಂದೆ ನಡೆದ.

"ಬಿದ್ದದ್ದನ್ನ ಬಿಟ್ಟು ಬರತಾರೇನೋ ಖೋಡಿ! ಬಿದ್ದದ್ದು ಕಂಡರ ಎತ್ತಬೇಕು, ಧೂಳ ಜಾಡಿಸಬೇಕು, ಮನಿಯೊಳಗ ತಂದು ಇಡಬೇಕು!"

"ತಂದು ಇಡತೀನಿ ಅವ್ವಾ!"

ಮರುದಿನ ಹುಲಿಗೆವ್ವ ಮಗನನ್ನು ಬೇಕೆಂದೇ ಎಮ್ಮೆ ಮೈ ತೊಳೆಯಲು ಕೆರೆಗೆ ಅಟ್ಟಿದಳು. ಕೌದಿ ಇಳಿಸಿದಳು, ದಾರವನ್ನು ಸುಂಕಿಯ ಬಾಯಿಗಿಟ್ಟಳು. ಕೌದಿ ನಡುಗುತ್ತಿತ್ತು. "ಕಚ್ಚವ್ವಾ."

ಕಟ್!

"ಸಿಕ್ತು ಆಯಿ! ಸಿಕ್ತು!" ಸುಂಕಿಯ ಬಾಯಿಂದ ‘ಸ’ ಚೊಕ್ಕವಾಗಿ ಬಂತು. ಕೌದಿ ಒಮ್ಮೆ ನಿಟ್ಟುಸಿರು ಬಿಟ್ಟು ಚಪ್ಪಟೆಯಾಯಿತು. ಹುಲಿಗೆವ್ವ ಅದನ್ನು ಹೊಸ್ತಿಲಾಚೆ ಒಗೆದಳು, ಬಾಗಿಲು ಹಾಕಿದಳು, ಬಾಗಿಲಿಗೆ ಬೆನ್ನು ಕೊಟ್ಟು ಕೂತು ಗಳಗಳನೆ ಅತ್ತಳು. ಕೂಸು ಉಳಿಯಿತು ಎಂದು ಅತ್ತಳು, ಮಗಳು ಹೋದಳು ಎಂದೂ ಅತ್ತಳು.

ಹಿತ್ತಲ ಬಾಗಿಲು ಕಿರ್ರೆಂದಿತು. ಫಕ್ಕೀರ! ಹೆಗಲ ಮೇಲೆ ಕೌದಿ!

"ಅವ್ವಾ, ಬಾಗಲದಾಗ ಬಿದ್ದಿತ್ತು. ಎತ್ತಿದೆ, ಧೂಳ ಜಾಡಿಸಿದೆ, ಒಳಗ ತಂದೆ!" ಎಂದು ಗಳದ ಮೇಲೆ ಹಾಕಿದ. ಕೌದಿ ಉಬ್ಬಿತು, ಇಳಿಯಿತು.

ಹುಲಿಗೆವ್ವ ಕೈ ಎತ್ತಿದಳು, ಬಾಯಿ ತೆರೆದಳು. ಅಷ್ಟರಲ್ಲಿ ಕೌದಿಯ ಸೆರಗು ಅವಳ ಕೆನ್ನೆಗೆ ತಾಗಿತು. ಬೆಚ್ಚಗಿತ್ತು, ಕಸ್ತೂರಿಯ ತಲೆಯ ಹರಳೆಣ್ಣೆ ವಾಸನೆ ಬರುತ್ತಿತ್ತು. ಎತ್ತಿದ ಕೈ ಹಾಗೇ ನಿಂತಿತು.

ಸುಂಕಿ ಗಳದ ಕೆಳಗೆ ಹೋಗಿ ನಿಂತಳು, ತುಟಿ ಬಿಡಿಸಿ ಕೂಡಿದ ಹಲ್ಲು ತೋರಿಸಿದಳು. "ಅವ್ವಾ, ಇರೋದಾದರ ಸುಮ್ಮನ ಇರು. ನನ್ನ ಕರದರ ಕಚ್ಚತೀನಿ!" ಕೌದಿ ಒಂದು ಗಳಿಗೆ ಉಸಿರು ಹಿಡಿಯಿತು. ಅಂದಿನಿಂದ ಅದು ಯಾರನ್ನೂ ಕರೆಯಲಿಲ್ಲ.

ಹುಲಿಗೆವ್ವ ಅಂದು ಬಯ್ಯಲಿಲ್ಲ. ಮಗಳು ಹೋಗಲೆಂದು ಆರು ತಿಂಗಳು ಹೆಣಗಿದವಳಿಗೆ, ಒಂದು ದಿನವೂ ಅವಳು ಹೋಗುವುದು ಬೇಕಿರಲಿಲ್ಲ. ಬಯ್ಯದ ಮೇಲೆ ಹೊಸ ಬುದ್ಧಿಮಾತು ಎಲ್ಲಿಂದ ಬರಬೇಕು? ಫಕ್ಕೀರನ ತಲೆಯಲ್ಲಿ ಹಳೆಯ ಮಾತೇ ಉಳಿಯಿತು. ಓಣಿಯಲ್ಲಿ ಯಾರು ಸತ್ತರೂ ದಾರ ಕಡಿಯುತ್ತಾರೆ, ಕೌದಿ ಹೊರಗೆ ಒಗೆಯುತ್ತಾರೆ, ಬಾಗಿಲು ಹಾಕಿ ಬೆನ್ನು ತಿರುಗಿಸುತ್ತಾರೆ. ಈಗ ಆ ಮನೆಯ ಗಳದ ಮೇಲೆ ಹನ್ನೊಂದು ಕೌದಿಗಳಿವೆ. ಮಧ್ಯಾಹ್ನ ಗಾಳಿ ಬಿದ್ದ ಹೊತ್ತಿನಲ್ಲಿ ಹನ್ನೊಂದೂ ಒಟ್ಟಿಗೆ ಉಬ್ಬುತ್ತವೆ, ಒಟ್ಟಿಗೆ ಇಳಿಯುತ್ತವೆ. ಯಾರ ಯಾರ ಮನೆಯವರೋ, ಫಕ್ಕೀರನಿಗೆ ಗೊತ್ತಿಲ್ಲ. ಧೂಳು ಜಾಡಿಸಿ ತಂದಿದ್ದಾನೆ, ಅಷ್ಟೆ.