ಕುಂಬಾರನ ಎರಡನೆಯ ದಾವೆ

"ಗುರುಗಳೇ, ನ್ಯಾಯಾಧೀಶರೂ ಮನುಷ್ಯರೇ. ಅವರ ತೀರ್ಪು ತಪ್ಪಾಗಿರಲೂಬಹುದು. ಹಾಗಿರುವಾಗ ಒಮ್ಮೆ ಮುಗಿದ ವ್ಯಾಜ್ಯವನ್ನು ಮತ್ತೆ ಎತ್ತಬಾರದು ಎನ್ನುವುದು ಯಾವ ನ್ಯಾಯ?" ಎಂದು ಮರುಳಪ್ಪ ಕೇಳಿದ.

ಗುರುಗಳು ಶಿಷ್ಯನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಒಬ್ಬ ಕುಂಬಾರ, ಒಬ್ಬಳು ಬುಟ್ಟಿ ಹೆಣೆಯುವವಳು. ಅಕ್ಕಪಕ್ಕದ ಮನೆ, ನಡುವೆ ಒಂದು ಅಂಗಳ. ಅದು ತನ್ನದೆಂದು ಇಬ್ಬರೂ ಹೇಳಿದರು. ನ್ಯಾಯಾಧೀಶ ಇಬ್ಬರ ಮಾತನ್ನೂ ಕೇಳಿ, ಸಾಕ್ಷಿಗಳನ್ನು ವಿಚಾರಿಸಿ, ಅಂಗಳ ಅವಳದೆಂದ. ಕುಂಬಾರ ಮೇಲಿನ ನ್ಯಾಯಾಲಯಕ್ಕೆ ಹೋದ. ಅಲ್ಲೂ ಅದೇ ತೀರ್ಪಾಯಿತು.

ಗೆದ್ದರೂ ಅವಳಿಗೆ ನೆಮ್ಮದಿ ಸಿಗಲಿಲ್ಲ. ಈ ನ್ಯಾಯಾಧೀಶ ಹೋಗಿ ಇನ್ನೊಬ್ಬ ಬರಲಿ, ಮತ್ತೆ ದಾವೆ ಹೂಡುತ್ತೇನೆ ಎಂದು ಕುಂಬಾರ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಮಡಕೆ ಒಣಗಿಸಲು ಅವನಿಗೆ ಬೇರೆ ಜಾಗವಿರಲಿಲ್ಲ. ಮನೆಯೊಳಗಿನ ತೇವದಲ್ಲಿ ಅರೆಬರೆ ಒಣಗಿದ ಮಡಕೆಗಳು ಸುಡುವಾಗ ಒಡೆಯುತ್ತಿದ್ದವು. ಆ ಸದ್ದು ಕೇಳಿದಾಗಲೆಲ್ಲ ಬುಟ್ಟಿ ಹೆಣೆಯುವವಳ ಕೈ ನಿಲ್ಲುತ್ತಿತ್ತು. ಅವಳು ಆ ಊರಿಗೆ ಸೊಸೆಯಾಗಿ ಬಂದ ದಿನದಿಂದ ಬಾಯ್ತುಂಬ 'ತಂಗೀ' ಎಂದು ಕರೆದವನು ಅವನು. 'ಮಡಕೆಗಳನ್ನು ಅಂಗಳದಲ್ಲೇ ತಂದಿಡಣ್ಣ' ಎನ್ನುವ ಮಾತು ನಾಲಗೆಯ ತುದಿಗೆ ಬರುತ್ತಿತ್ತು. ಆದರೆ ಇಂದು ಇಟ್ಟ ಮಡಕೆಯೇ ನಾಳೆ ಅವನ ಪರ ಸಾಕ್ಷಿಯಾದರೆ? ಮಾತನ್ನು ನುಂಗಿಕೊಳ್ಳುತ್ತಿದ್ದಳು.

ಹೊಸ ನ್ಯಾಯಾಧೀಶ ಬಂದ. ಕುಂಬಾರ ಹೇಳಿದಂತೆಯೇ ದಾವೆ ಹೂಡಿದ. ಅರ್ಧ ಹೆಣೆದ ಬುಟ್ಟಿಯನ್ನು ಬಿಟ್ಟು ಅವಳೂ ಹೋಗಬೇಕಾಯಿತು.

"ಹಿಂದಿನ ದಾವೆಯ ಅಂಗಳವೇ ಇದು, ಅಂದಿನವರೇ ನೀವಿಬ್ಬರೂ, ಅಲ್ಲವೇ?" ನ್ಯಾಯಾಧೀಶ ಕುಂಬಾರನನ್ನು ಕೇಳಿದ.

"ಹೌದು ಸ್ವಾಮಿ. ಆದರೆ ಈ ಸಲ ನನ್ನ ಸೋದರಮಾವ ಸಾಕ್ಷಿ ಹೇಳುತ್ತಾನೆ."

"ಆಗ ಅವನೆಲ್ಲಿದ್ದ?"

"ಊರಲ್ಲೇ ಇದ್ದ. ನನಗೆ ಹೊಳೆಯಲಿಲ್ಲ."

"ಅಂದೇ ಕರೆತರಬಹುದಾಗಿದ್ದ ಸಾಕ್ಷಿಗಾಗಿ ಇಂದು ಹೊಸ ದಾವೆ ನಡೆಯದು. ಅವಳು ಮೋಸದಿಂದ ತೀರ್ಪು ಪಡೆದಿದ್ದರೆ ಹೇಳು, ಕೇಳುತ್ತೇನೆ."

ಕುಂಬಾರ ಅವಳತ್ತ ನೋಡಿದ. "ಇಲ್ಲ ಸ್ವಾಮಿ. ಅವಳು ಅಂಥವಳಲ್ಲ."

"ಹಾಗಾದರೆ ಮುಗಿಯಿತು. ನಾನು ಮಾತ್ರವಲ್ಲ, ನನ್ನ ನಂತರ ಬರುವವರೂ ಇದನ್ನು ಮತ್ತೆ ಕೇಳುವುದಿಲ್ಲ."

ಇಬ್ಬರೂ ಒಂದೇ ದಾರಿಯಲ್ಲಿ ಊರಿಗೆ ನಡೆದರು. ಕುಂಬಾರ ತಲೆ ಎತ್ತಲಿಲ್ಲ. ಮನೆ ಹತ್ತಿರವಾದಾಗ ಅವಳು ನಿಂತಳು.

"ಅಣ್ಣಾ, ನಾಳೆಯಿಂದ ಹಸಿ ಮಡಕೆ ಅಂಗಳದಲ್ಲಿ ತಂದಿಡು."

"ಅದು ನಿನ್ನ ಅಂಗಳವಲ್ಲವೇನಮ್ಮ?"

"ನನ್ನದೆಂದು ಗಟ್ಟಿಯಾಯಿತಲ್ಲ, ಅದಕ್ಕೇ ಕರೆಯುತ್ತಿದ್ದೇನೆ. ಇಷ್ಟು ದಿನ ಹೆದರಿಕೆಯಿತ್ತು."

ಮರುದಿನ ಬಿಸಿಲೇರುವ ಮೊದಲೇ ಅವಳು ಅಂಗಳ ಗುಡಿಸಿ, ತನ್ನ ಬಿದಿರಿನ ಸೀಳುಗಳನ್ನು ಒಂದು ಬದಿಗೆ ಸರಿಸಿದಳು. ಇನ್ನೊಂದು ಬದಿಯಲ್ಲಿ ಅವನು ಮಡಕೆಗಳನ್ನು ಸಾಲಾಗಿ ಬೋರಲು ಹಾಕಿದ. ಆ ಸಲ ಸುಡುವಾಗ ಒಡೆದದ್ದು ಎರಡೇ.

ಗುರುಗಳು ಕತೆ ನಿಲ್ಲಿಸಿದರು. ಮರುಳಪ್ಪನಿಗೆ ಸಮಾಧಾನವಾಗಲಿಲ್ಲ.

"ಅದೆಲ್ಲ ಸರಿ ಗುರುಗಳೇ, ಆ ಅಂಗಳ ನಿಜಕ್ಕೂ ಯಾರದು?"

ಗುರುಗಳು ನಕ್ಕು ಅವನ ಬೆನ್ನು ಸವರಿದರು.

"ಅದು ನನಗೂ ಗೊತ್ತಿಲ್ಲ ಮಗು, ನಾನು ಅಂಬೆಗಾಲಿಕ್ಕಿದ್ದು ಮಾತ್ರ ಅದೇ ಅಂಗಳದಲ್ಲಿ."