ಮಾತು ಕೇಳಿದವರ ಗುಡ್ಡ

೧೯೧೮ರ ಅಕ್ಟೋಬರ್ ಹನ್ನೊಂದು, ಶುಕ್ರವಾರ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಮೂಡಗಾಳಿ ಹಗುರಾಗಿ ಬೀಸುತ್ತಿತ್ತು. ಬಿಳೇಜಾಲಿಯ ಹಿರಿಯರು ತಮ್ಮೂರ ಗುಡ್ಡದ ಹೆಸರನ್ನು ವಿವರಿಸುವಾಗ ಮೊದಲು ಇಷ್ಟನ್ನು ಹೇಳುತ್ತಾರೆ. ಊರಿನ ಬಡಗಣಕ್ಕಿರುವ ಆ ಗುಡ್ಡ ಎತ್ತರದ್ದಲ್ಲ. ಮೇಲೆ ಗುಡಿಯಿಲ್ಲ, ಶಾಸನವಿಲ್ಲ. ನೆತ್ತಿಯ ಬಯಲಲ್ಲಿ ಮೂರು ಮೂರು ಕಲ್ಲಿನ ಒಲೆಗಳು ಸಾಲುಸಾಲಾಗಿ ಕೂತಿವೆ, ಅಷ್ಟೆ. ಕುರಿ ಕಾಯುವವರು ಆ ಕಲ್ಲುಗಳನ್ನು ಕದಲಿಸುವುದಿಲ್ಲ. ಚಳಿಗೆ ಬೆಂಕಿ ಹಾಕಬೇಕಾದರೂ ಕೆಳಗಿಳಿದು ಬರುತ್ತಾರೆ.

ಅದಕ್ಕೂ ಹಿಂದೆ ಒಮ್ಮೆ ಆ ಸೀಮೆಗೆ ಪ್ಲೇಗು ಬಂದಿತ್ತು. ಜಂತಿಯಿಂದ ಸತ್ತ ಇಲಿ ಬಿದ್ದ ದಿನವೇ ಆಗಿನ ಗೌಡ ಊರನ್ನೆಲ್ಲ ಗುಡ್ಡಕ್ಕೆ ಏರಿಸಿ ಗುಡಿಸಲು ಹಾಕಿಸಿದ. ಸುತ್ತಲಿನ ಹಳ್ಳಿಗಳು ಸುಡುಗಾಡಾದರೂ ಬಿಳೇಜಾಲಿಯಲ್ಲಿ ಒಂದು ಹೆಣವೂ ಏಳಲಿಲ್ಲ ಎನ್ನುತ್ತಾರೆ. ಆ ಗೌಡನ ಮಗ ಚನ್ನವೀರಗೌಡ, ತಂದೆಯ ಜಾಣತನವನ್ನು ಕಣ್ಣಾರೆ ಕಂಡವನು. ಆದ್ದರಿಂದ ಆ ಶುಕ್ರವಾರ, ಯುದ್ಧದಿಂದ ಮರಳಿದ ಸಿಪಾಯಿಯೊಬ್ಬ ಪಕ್ಕದೂರಲ್ಲಿ ಜ್ವರದಿಂದ ಸತ್ತ, ಅವನನ್ನು ಹೊತ್ತವರೂ ಹಾಸಿಗೆ ಹಿಡಿದರು ಎಂಬ ಸುದ್ದಿ ಬಂದಾಗ ಆತ ತಡಮಾಡಲಿಲ್ಲ. ಊರೆಲ್ಲ ಗುಡ್ಡ ಏರಬೇಕೆಂದು ಡಂಗುರ ಹೊಡೆಸಿದ. ಬರಲೊಲ್ಲೆನೆಂದವಳು ಬಿಳೇಜಾಲಿಯಲ್ಲೇ ಮದುವೆ ಮಾಡಿಕೊಟ್ಟಿದ್ದ ಅವನ ತಂಗಿ ನೀಲವ್ವ ಒಬ್ಬಳೇ. ಅವಳ ಮಗಳು ಆಗಷ್ಟೇ ಹಡೆದಿದ್ದಳು.

"ಹಸಿ ಬಾಣಂತಿನ ಗುಡ್ಡದ ಗಾಳಿಗೆ ಒಯ್ಯಂಗಿಲ್ಲಣ್ಣ. ಮತ್ತ ಒಂದು ಇಲೀನೂ ಬಿದ್ದಿಲ್ಲಲ್ಲ?"

"ಮನುಷ್ಯಾರ ಬೀಳಾಕತ್ತಾರ, ನಿನಗ ಇಲಿ ಬೇಕೇನ? ಸಣ್ಣಾಕಿದ್ದಾಗಿಂದ ನೀ ನನ್ನ ಒಂದು ಮಾತೂ ಕೇಳಿದಾಕಿ ಅಲ್ಲ."

"ಕೇಳಿದ್ರ ಆ ಮುದುಕ ಸಾವ್ಕಾರನ್ನ ಲಗ್ನ ಆಗಬೇಕಿತ್ತು," ಎಂದು ನೀಲವ್ವ ಬಾಗಿಲಿಗೆ ಬೇವಿನ ಟೊಂಗೆ ಕಟ್ಟಿ ಅಗುಳಿ ಹಾಕಿಕೊಂಡಳು. ಬಾಣಂತಿಯ ಮನೆಗೆ ಹೊರಗಿನವರ ಕಾಲು ಬೀಳಬಾರದು.

ಗುಡ್ಡದ ಮೇಲೆ ಗೋಡೆಗೆ ಕಟ್ಟುವ ಬಿದಿರಿನ ತಟ್ಟಿಗಳು ಸಾಲಲಿಲ್ಲ. ಎರಡು ಗುಡಿಸಲಿಗೆ ಒಂದೇ ಗೋಡೆಯಾಯಿತು. ಈಚೆ ಕೆಮ್ಮಿದವನ ಉಸಿರು ತಟ್ಟಿಯ ಸಂದಿಯಿಂದ ಆಚೆ ಮಲಗಿದವನ ಮುಖಕ್ಕೆ ತಾಗುತ್ತಿತ್ತು. ಒಂದು ಬೆಳಗ್ಗೆ ಕೆಂಡ ಕೇಳಲು ಪಕ್ಕದ ಗುಡಿಸಲಿಗೆ ಹೋದ ಹೆಂಗಸಿಗೆ ಅಲ್ಲಿ ಓಗೊಡುವವರಿಲ್ಲ. ತಿರುಗಿ ಬಂದರೆ ಅವಳ ಗಂಡನೂ ತಣ್ಣಗಾಗಿದ್ದ. ಮುದುಕರನ್ನು ಬಿಟ್ಟು ಗಟ್ಟಿ ಪ್ರಾಯದವರೇ, ತುಟಿ ನೀಲಿಗಟ್ಟಿ, ನಿಂತನಿಂತಲ್ಲೇ ಉರುಳುವುದನ್ನು ಗೌಡ ಕಂಡ. ಇಲಿ ತರುವ ಬೇನೆಗೆ ಊರು ಬಿಡಬೇಕು. ಉಸಿರು ತರುವ ಬೇನೆಗೆ ಒಬ್ಬರನ್ನೊಬ್ಬರು ಬಿಡಬೇಕಿತ್ತು. ಅದು ಹೊಳೆಯುವ ಹೊತ್ತಿಗೆ ಹೆಣಕ್ಕೆ ನಾಲ್ಕು ಹೆಗಲು ಸಿಗುತ್ತಿರಲಿಲ್ಲ. ಇನ್‌ಫ್ಲುಯೆಂಜಾ ಎಂಬ ಹೆಸರು ಊರಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಇಂದು ಗುಡ್ಡ ಏರಿದವರು ನೋಡುವುದು ಆ ಒಲೆಗಳನ್ನೇ. ಕೂತಲ್ಲಿಂದಲೇ ಕೈ ಚಾಚಿ ಪಕ್ಕದ ಒಲೆಗೆ ಕೆಂಡ ಕೊಡಬಹುದು, ಅಷ್ಟು ಹತ್ತಿರ. ಹೆಸರು ಮಾತ್ರ ಅಲ್ಲಿ ಹುಟ್ಟಿದ್ದಲ್ಲ, ನೀಲವ್ವನ ಬಾಗಿಲ ಹೊರಗೆ ಹುಟ್ಟಿದ್ದು ಎನ್ನುತ್ತಾರೆ. ಗೌಡ ಒಬ್ಬನೇ ಇಳಿದು ಬಂದು ಅಂಗಳದಾಚೆ ನಿಂತ. ಒಳಗೆ ಕೂಸು ಅಳುತ್ತಿತ್ತು. ಅಗುಳಿ ಸರಿಯುವ ಸದ್ದಾದೊಡನೆ "ತೆಗೀಬ್ಯಾಡ!" ಎಂದು ಕೂಗಿದ.

"ಅಣ್ಣಾ? ಅತ್ತಿಗೆವ್ವ ಎಲ್ಲಿ? ಹುಡುಗರು?" ಬಾಗಿಲ ಹಿಂದಿನಿಂದ ನೀಲವ್ವ ಕೇಳಿದಳು.

"ಎಲ್ಲಾರೂ ನನ್ನ ಮಾತು ಕೇಳಿದ್ರವ್ವಾ," ಎಂದ ಚನ್ನವೀರಗೌಡ.